ಬಲವೂ ಮನ್ನಣೆಯೂ

ನಾನು ಉಪಾಧ್ಯಾಯನಾಗಿದ್ದಾಗ ಬಾಲಕನೊಬ್ಬನು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕೊಡದೆ ಹೋದೆನು. ಅದನ್ನು ಇಂದು ವಾಚಕರ ಮುಂದೆ ಒಪ್ಪಿಕೊಳ್ಳುವೆನು.

ತರಗತಿಯಲ್ಲಿ ಮತ್ಸ್ಯನ್ಯಾಯವೆಂಬ ಪದವನ್ನು ವಿವರಿಸುತ್ತಿದ್ದೆನು. ದಂಡಧರನಾದ ಅರಸನಿಲ್ಲದೆಡೆಯಲ್ಲಿ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದೆಂಬುದೇ ಅದರ ತಾತ್ಪರ್ಯ. "ದೇಶದೇಶಗಳ ನಡುವೆ ಅರಸನು ಯಾರು, ಮೇಷ್ಟ್ರೇ?" ಎಂದು ಹುಡುಗನು ಕೇಳಿದನು. ಅರಸನಿಲ್ಲ, ಲೋಕದ ಮನ್ನಣೆಯುಂಟು ಎಂದು ಹೇಳಿ, ಸೂಯೆಜ್ ಕಾಲುವೆಯ ವೃತ್ತಾಂತವನ್ನು ತಿಳಿಸಿದೆನು.

1956ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಈಜಿಪ್ಟಿನ ಅಧ್ಯಕ್ಷರಾದ ನಾಸರರು ಕಾಲುವೆಯ ಕಂಪೆನಿಯನ್ನು ರಾಷ್ಟ್ರದ ಸ್ವತ್ತೆಂದು ಸಾರಿದರು. ಅಕ್ಟೋಬರ್ ಕಡೆಯಲ್ಲಿ ಇಸ್ರೇಲೂ, ಅದರ ಬೆನ್ನಿಗೇ ಬ್ರಿಟನ್ನೂ ಫ್ರಾನ್ಸೂ ಈಜಿಪ್ಟಿನ ಮೇಲೆ ದಂಡೆತ್ತಿದವು. ವಿಶ್ವಸಂಸ್ಥೆಯ ಭದ್ರತಾ ಮಂಡಲಿಯಲ್ಲಿ ಐದು ರಾಷ್ಟ್ರಗಳಿಗೆ ಮಾತ್ರ ನಿಷೇಧಾಧಿಕಾರವುಂಟಷ್ಟೆ. ಬ್ರಿಟನ್ನೂ ಫ್ರಾನ್ಸೂ ಅದನ್ನು ಪ್ರಯೋಗಿಸಿ ಮಂಡಲಿಯ ಬಾಯಿ ಕಟ್ಟಿದವು. ಆಗ ಸಕಲ ರಾಷ್ಟ್ರಗಳ ಮಹಾಸಭೆಯು ಸೇರಿತು. ಯುದ್ಧವು ನಿಲ್ಲಲೆಂದು 64 ಮತಗಳು, ಬೇಡವೆಂದು ಐದೇ ಮತಗಳು. ಡಿಸೆಂಬರ್ ಮುಗಿಯುವುದರೊಳಗೆ ಆಂಗ್ಲರೂ ಫ್ರೆಂಚರೂ ಹಿಂದಿರುಗಿದರು. "ಕಂಡೆಯಾ, ಮನ್ನಣೆಯಿಲ್ಲದ ಬಲವು ನಿಲ್ಲದು" ಎಂದೆನು.

"ಅದೇ ವಾರದಲ್ಲಿ ಹಂಗೇರಿಯಲ್ಲಿ ಏನಾಯಿತು, ಮೇಷ್ಟ್ರೇ?" ಎಂದನು ಹುಡುಗ.

ನಾನು ಗಂಟೆಯಾಯಿತೆಂದು ಪುಸ್ತಕವನ್ನು ಮುಚ್ಚಿದೆನು. ನವೆಂಬರ್ 4ರಂದು ಸೋವಿಯತ್ ಸೇನೆಯು ಬುಡಾಪೆಸ್ಟ್ ನಗರವನ್ನು ತುಳಿಯಿತು. ಹಿಂದಿರುಗೆಂದು ಮಹಾಸಭೆಯು ಅಲ್ಲಿಯೂ ಹೇಳಿತು; ಸೇನೆಯು ಕದಲಲಿಲ್ಲ. ಸೂಯೆಜಿನ ಕಥೆಯಲ್ಲಿಯೂ ನಾನೊಂದನ್ನು ಮರೆಮಾಡಿದ್ದೆನು. ಪೌಂಡಿನ ಬೆಲೆ ಕುಸಿಯುವ ಭಯದಲ್ಲಿದ್ದ ಬ್ರಿಟನ್ನಿಗೆ, ಸೇನೆಯು ಹಿಂದಿರುಗುವವರೆಗೂ ಧನಸಹಾಯವಿಲ್ಲವೆಂದು ಅಮೆರಿಕಾ ಬಿಗಿಹಿಡಿದಿತ್ತು. ಅಲ್ಲಿ ಮನ್ನಣೆಯ ಪಕ್ಕದಲ್ಲಿ ಇನ್ನೊಂದು ದೊಡ್ಡ ಮೀನು ನಿಂತಿತ್ತು!

ಹಾಗಾದರೆ ಮನ್ನಣೆಯು ಬರಿಯ ಮಾತೇ? ಹಾಗೆಂದು ನನಗೆ ತೋರುವುದಿಲ್ಲ. ಕಾದುವವರನ್ನು ಬಿಡಿಸಲು ಬಂದೆವೆಂದು ಬ್ರಿಟನ್ನು ಹೇಳಿಕೊಂಡಿತು. ಹಂಗೇರಿಯ ಸರ್ಕಾರವೇ ಕರೆಯಿತೆಂದು ರಷ್ಯನರು ಹೇಳಿದರು. ಬಲವೊಂದೇ ಸಾಲುವುದಾಗಿದ್ದರೆ ಈ ನೆಪಗಳು ಏತಕ್ಕೆ ಬೇಕು? ಹಂಗೇರಿಯ ಪ್ರಧಾನಿಯಾಗಿದ್ದ ಇಮ್ರೆ ನಾಜ್ ಅವರನ್ನು 1958ರಲ್ಲಿ ಗಲ್ಲಿಗೇರಿಸಿದರು. 1989ರಲ್ಲಿ ಅವರ ಜನರೇ ಅಪಾರವಾಗಿ ನೆರೆದು ಅವರಿಗೆ ಮರ್ಯಾದೆಯ ಸಮಾಧಿಯನ್ನು ಮಾಡಿದರು. 1991ರಲ್ಲಿ ಸೋವಿಯತ್ ಸೇನೆಯು ಆ ನಾಡನ್ನು ಬಿಟ್ಟಿತು. ಮನ್ನಣೆಯು ಬಲವನ್ನು ಆ ಕ್ಷಣದಲ್ಲಿ ತಡೆಯಲಾರದೆ ಹೋಗಬಹುದು. ಆದರೆ ಬಲವು ಅದನ್ನು ಕಸಿದುಕೊಳ್ಳಲಾರದು. ನಡುವೆ ಕಳೆದ ಮೂವತ್ತೈದು ವರ್ಷಗಳ ಬೆಲೆಯನ್ನು ಮಾತ್ರ ದುರ್ಬಲರೇ ತೆತ್ತರು. ಇದನ್ನು ಮಕ್ಕಳಿಗೆ ಮರೆಮಾಡಬಾರದು.

ಆ ಬಾಲಕನು ಈಗ ಗೃಹಸ್ಥನಾಗಿರಬಹುದು. ಈ ಪುಟವು ಅವನ ಕೈಗೆ ಬಂದರೆ, ಅಂದು ಅರ್ಧಕ್ಕೆ ನಿಂತ ಪಾಠದ ಉಳಿದ ಭಾಗವಿದೆಂದು ತಿಳಿಯಲಿ.