ಸಿನ್ಸ್ 1979

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಬೀದರಿನ ಮಹಮೂದ್ ಗವಾನ್ ಮದರಸಾದ ಬಗ್ಗೆ ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ಅದನ್ನು ಕಟ್ಟಿದ್ದು 1472ರಲ್ಲಿ. ಹಳೆಯ ಮಾತಲ್ಲವೇ ಎಂದು ನಾನು 'ಡೇಟೆಡ್ ಫ್ರಮ್ 1472' ಎಂದು ಬರೆದೆ. ಮೇಡಂ ಕೆಂಪು ಗೆರೆ ಎಳೆದು 'ಡೇಟ್ಸ್' ಎಂದು ತಿದ್ದಿದರು. ಐನೂರು ವರ್ಷ ಹಿಂದಿನದಕ್ಕೆ ವರ್ತಮಾನ ಕಾಲ ಏಕೆ ಎಂದು ಕೇಳಿದೆ. "ಕಟ್ಟುವ ಕೆಲಸ ಮುಗಿದಿದೆ, ಕಟ್ಟಡ ಇನ್ನೂ ನಿಂತಿದೆಯಲ್ಲ?" ಎಂದರು. 'ಡೇಟ್ಸ್ ಬ್ಯಾಕ್ ಟು', 'ಗೋಸ್ ಬ್ಯಾಕ್ ಟು' ಎಂದರೂ ಹಾಗೆಯೇ. 'ವಾಸ್ ಬಿಲ್ಟ್ ಇನ್' ಎಂದರೆ ಮಾತ್ರ ಭೂತಕಾಲ.

ಹಾಗಾದರೆ 'ಸಿನ್ಸ್ 1472' ಎಂದು ಬರೆಯಬಹುದೇ? ಬೇಡ ಎಂದರು. ಸಿನ್ಸ್ ಎಂದರೆ ಅಂದಿನಿಂದ ಇಂದಿನವರೆಗೆ ನಿಲ್ಲದೆ ನಡೆದಿರಬೇಕು. ಆ ಮದರಸಾದಲ್ಲಿ ಈಗ ಪಾಠವಿಲ್ಲ. ಸಿಡಿಮದ್ದು ಸ್ಫೋಟಿಸಿ ಒಂದು ಭಾಗವೇ ಬಿದ್ದುಹೋಗಿದೆ, ಮುಂದಿನ ಎರಡು ಮಿನಾರುಗಳಲ್ಲಿ ಉಳಿದಿರುವುದು ಒಂದೇ. (ನಮ್ಮ ಮನೆಯ ಉರ್ದುವಿನಲ್ಲಿ 'ತಾರೀಖ್' ಎಂದರೆ ದಿನಾಂಕವೂ ಹೌದು, ಇತಿಹಾಸವೂ ಹೌದು. ಕನ್ನಡಕ್ಕೆ ಬರುವಾಗ ದಿನಾಂಕ ಮಾತ್ರ ಬಂದಿದೆ.)

ಅದೇ ವಾರ ನಮ್ಮ ಟೈಲರ್ ಅಂಗಡಿಗೆ ಹೊಸ ಬೋರ್ಡ್ ಬರೆಸುತ್ತಿದ್ದೆವು. ಹೆಸರು ಬರೆದಾದ ಮೇಲೆ ಪೇಂಟರ್, "ಸಿನ್ಸ್ ಎಷ್ಟು ಹಾಕಲಿ?" ಎಂದು ಕೇಳಿದರು. ಅಬ್ಬಾ "1979" ಎಂದರು. ನಾನು ಸುಮ್ಮನಿರಬಹುದಿತ್ತು. ನಾನು ಹುಟ್ಟಿದ ವರ್ಷ ದಾದಾಗೆ ಲಕ್ವ ಹೊಡೆದು ನಾಲ್ಕು ವರ್ಷ ಶಟರ್ ಎತ್ತಿರಲಿಲ್ಲ, ಅಬ್ಬಾ ಬಾಡಿಗೆ ಆಟೋ ಓಡಿಸುತ್ತಿದ್ದರು. ಅದನ್ನು ನೆನಪಿಸಿ, "ಸಿನ್ಸ್ ಹಾಕಿದರೆ ತಪ್ಪಾಗುತ್ತದೆ ಅಬ್ಬಾ, ನಡುವೆ ಅಂಗಡಿ ನಿಂತಿತ್ತಲ್ಲ" ಎಂದೆ, ಪೇಂಟರ್ ಎದುರಿಗೇ.

ಅಬ್ಬಾ ಬೈಯಲಿಲ್ಲ. ಅವರ ಮುಖ ನೋಡಿ, ಬೈದಿದ್ದರೆ ಚೆನ್ನಾಗಿತ್ತು ಅನಿಸಿತು. ಸ್ವಲ್ಪ ಹೊತ್ತಿನ ಮೇಲೆ ಹೇಳಿದರು: ಮೆಷಿನ್ ಅಂಗಡಿಯಿಂದ ಮನೆಗೆ ಬಂದಿತ್ತು. ದಾದಿಮಾ ರಾತ್ರಿ ಕುಳಿತು ಹಳೆಯ ಗಿರಾಕಿಗಳ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದರು, ಕಾಜಾ ಬಟನ್ ಮಾಡುತ್ತಿದ್ದರು. ಆ ದುಡ್ಡಿನಲ್ಲೇ ಮಳಿಗೆಯ ಬಾಡಿಗೆ ಒಂದು ತಿಂಗಳೂ ತಪ್ಪದೆ ಕಟ್ಟಿದ್ದು.

ಪ್ರಥಮ ಪಿಯುಸಿಯ ಅಕೌಂಟೆನ್ಸಿಯಲ್ಲಿ 'ಗೋಯಿಂಗ್ ಕನ್ಸರ್ನ್' ಎಂಬ ತತ್ವವನ್ನು ಬಾಯಿಪಾಠ ಮಾಡಿದವನು ನಾನು. ವ್ಯವಹಾರ ಮುಂದೆಯೂ ನಡೆಯುತ್ತದೆ ಎಂದು ನಂಬಿಯೇ ಲೆಕ್ಕ ಬರೆಯಬೇಕು. ಮುಚ್ಚಿದ ಅಂಗಡಿಗೆ ನಾಲ್ಕು ವರ್ಷ ಬಾಡಿಗೆ ಕಟ್ಟಿದವರು ನಮ್ಮ ಮನೆಯಲ್ಲೇ ಇದ್ದರು, ನನಗೆ ಹೊಳೆದಿರಲಿಲ್ಲ. "1979 ಹಾಕಿ ಭಾಯ್" ಎಂದು ಪೇಂಟರಿಗೆ ನಾನೇ ಹೇಳಿದೆ.

ಸಂಜೆ ದಾದಿಮಾ ಬೋರ್ಡ್ ನೋಡಲು ಬಂದರು. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಕೆಳಗಿನ ಸಾಲು ಏನೆಂದು ಕೇಳಿದರು. ಅಂಗಡಿ 1979ರಿಂದ ಇಲ್ಲಿಯವರೆಗೂ ನಡೆಯುತ್ತಿದೆ ಎಂದು ಬರೆದಿದೆ ಎಂದೆ. ಅವರು ಕನ್ನಡಕ ಸರಿ ಮಾಡಿಕೊಂಡು ಇನ್ನೊಮ್ಮೆ ನೋಡಿದರು.

"ಮೆಷಿನ್ ನನ್ನ ತವರಿನಿಂದ ಬಂದದ್ದು. ನಮ್ಮ ನಿಕಾಹ್ ಆದದ್ದು 77ರಲ್ಲಿ. ಅಂಗಡಿ ಬಾಡಿಗೆಗೆ ಹಿಡಿಯುವ ಮೊದಲು ಎರಡು ವರ್ಷ ನಿನ್ನ ದಾದಾ ಮನೆಯ ಜಗಲಿಯಲ್ಲೇ ಹೊಲಿದದ್ದು" ಎಂದರು.

ಅಷ್ಟರಲ್ಲಿ ಬಣ್ಣ ಒಣಗಿತ್ತು.