ಇಲ್ಲಿ ಓಡಿದ್ದು ಅಲ್ಲೂ ಓಡಬೇಕು

ಪ್ರೋಗ್ರಾಂ ಬರೆಯುವವರನ್ನು ಎಲ್ಲರೂ ಮೆಚ್ಚುತ್ತಾರೆ. ಬರೆದದ್ದನ್ನು ಜನರಿಗೆ ತಲುಪಿಸಿ, ಅದು ಹಗಲೂ ರಾತ್ರಿ ನಡೆಯುವಂತೆ ನೋಡಿಕೊಳ್ಳುವ ಕೆಲಸ ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಪ್ರೀತಿ ಈ ಎರಡನೆಯ ಕೆಲಸದ ಮೇಲೆ. ಪೈಥಾನ್, ರೂಬಿ, ಪಿಎಚ್‌ಪಿ, ಜಾವಾಸ್ಕ್ರಿಪ್ಟ್‌ಗಳಲ್ಲಿ ಬರೆದ ಅಪ್ಲಿಕೇಶನ್ನುಗಳನ್ನು ಕ್ಲೌಡಿಗೆ ಏರಿಸುವುದು, ಏರಿಸಿದ ಮೇಲೆ ಅವುಗಳ ಯೋಗಕ್ಷೇಮ ವಿಚಾರಿಸುತ್ತಿರುವುದು. ಆಫೀಸಿನ ಮಾತಿನಲ್ಲಿ ಡಿಪ್ಲಾಯ್‌ಮೆಂಟು, ಸಪೋರ್ಟು. ಸಂಬಳಕ್ಕೆಂದು ಮಾಡುವ ಕೆಲಸವೇ ಹೌದು. ಆದರೆ ರಜೆಯ ದಿನವೂ ಮನಸ್ಸು ಅತ್ತಲೇ ಎಳೆಯುತ್ತದೆ ಎಂದ ಮೇಲೆ ಅದನ್ನು ಹವ್ಯಾಸ ಎನ್ನಲು ಅಡ್ಡಿಯಿಲ್ಲ.

ಸ್ಕ್ರಿಪ್ಟಿಂಗ್ ಭಾಷೆಗಳಲ್ಲಿ ಈ ಕೆಲಸಕ್ಕೆ ಒಂದು ವಿಶೇಷ ರುಚಿಯಿದೆ. ಗೋ ಭಾಷೆಯಲ್ಲಿ ಬರೆದದ್ದನ್ನು ಕಂಪೈಲ್ ಮಾಡಿದರೆ ಸಾಮಾನ್ಯವಾಗಿ ಒಂದೇ ಫೈಲು ಕೈಗೆ ಬರುತ್ತದೆ. ಅದನ್ನು ಒಯ್ದು ಸರ್ವರಿನಲ್ಲಿ ಇಟ್ಟರೆ ಮುಗಿಯಿತು. ಪೈಥಾನಿನಲ್ಲಿ ನಾವು ಬರೆಯುವುದು ಬರೀ ಪಠ್ಯ. ಅದನ್ನು ಓದಿ ನಡೆಸಲು ಅಲ್ಲೊಂದು ಇಂಟರ್‌ಪ್ರಿಟರ್ ಇರಬೇಕು, ಅದೂ ಸರಿಯಾದ ಆವೃತ್ತಿಯದು. ನಾವು ಬಳಸಿದ ಲೈಬ್ರರಿಗಳು ಬೇಕು, ಆ ಲೈಬ್ರರಿಗಳು ನೆಚ್ಚಿಕೊಂಡ ಬೇರೆ ಲೈಬ್ರರಿಗಳು ಬೇಕು, ಅವುಗಳಲ್ಲಿ ಕೆಲವಕ್ಕೆ ಆಪರೇಟಿಂಗ್ ಸಿಸ್ಟಂ ಒಳಗಿನ ಸಿ ಲೈಬ್ರರಿಯೂ ಹೊಂದಬೇಕು. ನಮ್ಮ ಲ್ಯಾಪ್‌ಟಾಪಿನಲ್ಲಿ ಇವೆಲ್ಲ ಎಂದೋ ಬಂದು ಕೂತಿರುವುದರಿಂದ ಅವು ಇವೆ ಎಂಬುದೇ ನೆನಪಿರುವುದಿಲ್ಲ. ದೂರದ ಊರಿಗೆ ಹೊರಟವರಿಗೆ ಬುತ್ತಿ ಕಟ್ಟುವ ಹಾಗೆ, ದಾರಿಯಲ್ಲಿ ಏನೂ ಸಿಗುವುದಿಲ್ಲ ಎಂದುಕೊಂಡೇ ಕಟ್ಟಬೇಕು. ಮರೆತಂತೆ ಸುಮ್ಮನೆ ಕೂತಿರುವ ಪ್ರತಿಯೊಂದನ್ನೂ ಹುಡುಕಿ ತೆಗೆದು, ಹೆಸರು ಹಿಡಿದು ಬರೆದಿಡುವುದು: ಈ ವಿದ್ಯೆಯ ತಿರುಳೆಲ್ಲ ಇಷ್ಟರಲ್ಲಿದೆ.

ವಿದ್ಯೆ ಬೆಳೆದು ಬಂದ ದಾರಿಯೂ ಚೆಂದ. ವೆಬ್ ಸರ್ವರಿನಿಂದ ಪ್ರೋಗ್ರಾಂ ಓಡಿಸುವ ಸಿಜಿಐ ಎಂಬ ಪದ್ಧತಿ 1993ರಲ್ಲಿ ಬಂದಾಗ, ಯಾರಾದರೂ ಪುಟ ಕೇಳಿದರೆ ಸರ್ವರ್ ಒಂದು ಹೊಸ ಪ್ರೋಸೆಸ್ ಎಬ್ಬಿಸುತ್ತಿತ್ತು. ಪರ್ಲ್ ಭಾಷೆಯ ಇಂಟರ್‌ಪ್ರಿಟರ್ ಎದ್ದು, ಸ್ಕ್ರಿಪ್ಟನ್ನು ಮೊದಲಿಂದ ಓದಿ, ಉತ್ತರ ಕೊಟ್ಟು ಮುಗಿದುಹೋಗುತ್ತಿತ್ತು. ಮುಂದಿನವರು ಕೇಳಿದಾಗ ಮತ್ತೆ ಅದೇ ಸಾಹಸ. 1995ರಲ್ಲಿ ಬಂದ ಪಿಎಚ್‌ಪಿ ಕಾಲಕ್ರಮೇಣ ವೆಬ್ ಸರ್ವರಿನ ಒಳಗೇ ಮನೆಮಾಡಿತು. ಎಫ್‌ಟಿಪಿಯಲ್ಲಿ ಫೈಲು ತಳ್ಳಿದರೆ ಸೈಟು ಲೈವ್. ಊರೂರಿನ ಹುಡುಗರು ವೆಬ್‌ಸೈಟ್ ಕಟ್ಟಲು ಕಲಿತದ್ದು ಆ ಸರಳತೆಯಿಂದ. ಪೈಥಾನಿನ ಕಷ್ಟ ಬೇರೆ: ಫ್ರೇಮ್‌ವರ್ಕುಗಳೂ ಹಲವು, ಸರ್ವರುಗಳೂ ಹಲವು. ಯಾವುದು ಯಾವುದರ ಜೊತೆ ಕೂಡುತ್ತದೆ ಎಂಬುದೇ ಒಗಟಾಗಿತ್ತು. 2003ರಲ್ಲಿ ಬರೆದ ಪೆಪ್ 333 ಎಂಬ ಪ್ರಸ್ತಾವ ಆ ಒಗಟನ್ನು ಬಿಡಿಸಿತು. ಅದರ ಹೆಸರು ಡಬ್ಲ್ಯುಎಸ್‌ಜಿಐ. ಅಪ್ಲಿಕೇಶನ್ ಎಂದರೆ ಎರಡು ಆರ್ಗ್ಯುಮೆಂಟು ತೆಗೆದುಕೊಳ್ಳುವ ಒಂದು ಫಂಕ್ಷನ್. ಒಂದರಲ್ಲಿ ಬಂದ ಕೋರಿಕೆಯ ವಿವರ, ಇನ್ನೊಂದು ಉತ್ತರ ಶುರುಮಾಡಲು ಕರೆಯಬೇಕಾದದ್ದು. ಒಪ್ಪಂದ ಅಷ್ಟೇ. ಅಷ್ಟು ಸಣ್ಣ ಒಪ್ಪಂದದ ಮೇಲೆ ಜ್ಯಾಂಗೋ, ಫ್ಲಾಸ್ಕ್ ಮೊದಲಾದ ಫ್ರೇಮ್‌ವರ್ಕುಗಳೆಲ್ಲ ನಿಂತವು. ರೂಬಿಯವರು 2007ರಲ್ಲಿ ಇದೇ ಜಾಡಿನಲ್ಲಿ ರ‍್ಯಾಕ್ ಮಾಡಿಕೊಂಡರು.

ಆಮೇಲೆ ಕ್ಲೌಡ್ ಬಂತು. ಅಮೆಜಾನ್ 2006ರಲ್ಲಿ ಗಂಟೆಯ ಲೆಕ್ಕಕ್ಕೆ ಯಂತ್ರ ಬಾಡಿಗೆಗೆ ಕೊಡಲು ಶುರುಮಾಡಿತು. 2008ರ ಏಪ್ರಿಲ್‌ನಲ್ಲಿ ಗೂಗಲ್ ಆ್ಯಪ್ ಎಂಜಿನ್ ತೆರೆದಾಗ ಮೊದಲು ಒಪ್ಪಿಕೊಂಡ ಭಾಷೆ ಪೈಥಾನ್. ರೂಬಿಗಾಗಿ 2007ರಲ್ಲಿ ಹುಟ್ಟಿದ ಹೆರೊಕು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗಿಟ್ ಪುಷ್ ಅಂತ ಹೊಡೆದರೆ ಸಾಕು. ಬಂದ ಫೋಲ್ಡರಿನಲ್ಲಿ ಜೆಮ್‌ಫೈಲ್ ಇದ್ದರೆ ಇದು ರೂಬಿ, ರಿಕ್ವೈರ್‌ಮೆಂಟ್ಸ್ ಫೈಲ್ ಇದ್ದರೆ ಪೈಥಾನ್, ಪ್ಯಾಕೇಜ್ ಫೈಲ್ ಇದ್ದರೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಎಂದು ಹೆರೊಕುವಿನ ಬಿಲ್ಡ್‌ಪ್ಯಾಕ್ ತಾನೇ ಗುರುತು ಹಿಡಿಯುತ್ತದೆ; ಬೇಕಾದದ್ದನ್ನೆಲ್ಲ ತರಿಸಿಕೊಂಡು, ಕೊನೆಗೆ ಒಂದು ವಿಳಾಸ ಕೊಡುತ್ತದೆ. ಸ್ಕ್ರೀನಿನ ಮೇಲೆ ಆ ಸಾಲುಗಳು ಒಂದೊಂದಾಗಿ ಮೂಡುವುದನ್ನು ನೋಡುವುದೇ ಒಂದು ಸುಖ. ಹೆರೊಕುವಿನ ಆ್ಯಡಂ ವಿಗಿನ್ಸ್ 2011ರಲ್ಲಿ ತಮ್ಮ ಅನುಭವವನ್ನೆಲ್ಲ ಹನ್ನೆರಡು ಸೂತ್ರಗಳಾಗಿ ಬರೆದಿಟ್ಟರು. ಪಾಸ್‌ವರ್ಡು, ಡೇಟಾಬೇಸ್ ವಿಳಾಸಗಳನ್ನು ಕೋಡಿನಲ್ಲಿ ಬರೆಯಬೇಡಿ, ಹೊರಗಿನ ಎನ್ವಿರಾನ್‌ಮೆಂಟಿನಿಂದ ಕೊಡಿ; ಪ್ರೋಸೆಸ್ ಯಾವಾಗ ಸತ್ತರೂ ನಷ್ಟವಾಗದ ಹಾಗೆ ಬರೆಯಿರಿ; ಬೇಕಾದದ್ದನ್ನೆಲ್ಲ ಸ್ಪಷ್ಟವಾಗಿ ಪಟ್ಟಿಮಾಡಿ. ಇವತ್ತಿಗೂ ಹೊಸದಾಗಿ ಕೆಲಸಕ್ಕೆ ಬಂದವರಿಗೆ ನಾನು ಮೊದಲು ಓದಲು ಹೇಳುವುದು ಆ ಹನ್ನೆರಡು ಸೂತ್ರಗಳನ್ನೇ.

2013ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ಪೈಥಾನಿಗರ ಸಮ್ಮೇಳನ ಪೈಕಾನ್ ನಡೆಯಿತು. ಅಲ್ಲಿ ಸಾಲೊಮನ್ ಹೈಕ್ಸ್ ಎಂಬವರು ಸಿಕ್ಕ ಐದೇ ನಿಮಿಷದಲ್ಲಿ ಡಾಕರ್ ಎಂಬುದನ್ನು ಓಡಿಸಿ ತೋರಿಸಿದರು. ಇಂಟರ್‌ಪ್ರಿಟರ್, ಲೈಬ್ರರಿ, ಸಿಸ್ಟಂ ಫೈಲು ಎಲ್ಲವನ್ನೂ ಒಂದೇ ಇಮೇಜಿನಲ್ಲಿ ಕಟ್ಟಿ ಎಲ್ಲಿ ಬೇಕಾದರೂ ಬಿಚ್ಚಬಹುದಾದ ಈ ಉಪಾಯ ಹೊರಗಿನವರ ಮುಂದೆ ಮೊದಲು ಬಂದದ್ದು ಸ್ಕ್ರಿಪ್ಟಿಂಗ್ ಭಾಷೆಯವರ ಸಭೆಯಲ್ಲಿ. ಅದರ ಅಗತ್ಯ ಎಲ್ಲರಿಗಿಂತ ಹೆಚ್ಚು ಇದ್ದದ್ದೂ ಅವರಿಗೇ.

ಡಾಕರ್‌ಫೈಲ್ ಬರೆಯುವುದರಲ್ಲಿ ನನಗೆ ಸಿಗುವ ಆನಂದ ದೊಡ್ಡದು. ನಾಲ್ಕಾರು ಸಾಲಿನ ಪುಟ್ಟ ಫೈಲು, ಆದರೆ ಸಾಲುಗಳ ಕ್ರಮದಲ್ಲಿ ಎಲ್ಲ ಗುಟ್ಟೂ ಇದೆ. ಮೊದಲ ಸಾಲಿನಲ್ಲಿ ಯಾವ ಪೈಥಾನ್ ಎಂದು ಹೇಳಬೇಕು. ಎರಡನೆಯದರಲ್ಲಿ ಲೈಬ್ರರಿಗಳ ಪಟ್ಟಿಯನ್ನು ಮಾತ್ರ ಒಳಗೆ ನಕಲು ಮಾಡಬೇಕು. ಮೂರನೆಯದರಲ್ಲಿ ಆ ಪಟ್ಟಿಯಂತೆ ಇನ್‌ಸ್ಟಾಲ್. ನಮ್ಮ ಕೋಡು ಒಳಗೆ ಬರುವುದು ಅದಾದ ಮೇಲೆ. ಡಾಕರ್ ಪ್ರತಿ ಸಾಲಿನ ಫಲವನ್ನು ಒಂದೊಂದು ಪದರವಾಗಿ ಎತ್ತಿಟ್ಟುಕೊಳ್ಳುತ್ತದೆ. ಒಂದು ಪದರ ಬದಲಾದರೆ ಅದರ ಮೇಲಿನವನ್ನೆಲ್ಲ ಮತ್ತೆ ಕಟ್ಟುತ್ತದೆ. ಕೋಡು ದಿನವೂ ಬದಲಾಗುತ್ತದೆ, ಪಟ್ಟಿ ಅಪರೂಪಕ್ಕೆ. ಆದ್ದರಿಂದ ಅಪರೂಪಕ್ಕೆ ಬದಲಾಗುವುದು ಕೆಳಗಿನ ಪದರದಲ್ಲಿ, ದಿನವೂ ಬದಲಾಗುವುದು ಮೇಲಿನ ಪದರದಲ್ಲಿ. ಇಷ್ಟು ತಿಳಿದು ಎರಡು ಸಾಲು ಅದಲುಬದಲು ಮಾಡಿದರೆ ನಿಮಿಷಗಟ್ಟಲೆ ಹಿಡಿಯುತ್ತಿದ್ದ ಬಿಲ್ಡ್ ಕ್ಷಣಗಳಲ್ಲಿ ಮುಗಿಯುತ್ತದೆ.

ಡಾಕರ್ ಇಮೇಜನ್ನು ಓಡಿಸಿದಾಗ ಸಿಗುವುದೇ ಕಂಟೈನರ್. ಕನ್ನಡದ ಅಪ್ಲಿಕೇಶನ್ ಕಟ್ಟುವವರಿಗೆ ಈ ಕಂಟೈನರಿನಲ್ಲಿ ಇನ್ನಷ್ಟು ಕೆಲಸವಿದೆ, ಇನ್ನಷ್ಟು ಸಂತೋಷವೂ. ‘ಕನ್ನಡ’ ಎಂದು ಬರೆದರೆ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಒಳಗೆ ಒತ್ತಕ್ಷರದ ವಿರಾಮ ಚಿಹ್ನೆಯೂ ಸೇರಿ ಐದು ಯೂನಿಕೋಡ್ ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟಿನಂತೆ 15 ಬೈಟು. ಲ್ಯಾಪ್‌ಟಾಪಿನಲ್ಲಿ ಲೊಕೇಲ್ ಎಂಬ ಭಾಷೆ-ಲಿಪಿಗಳ ಸೆಟ್ಟಿಂಗ್ ಮೊದಲೇ ಯುಟಿಎಫ್-8 ಆಗಿರುತ್ತದೆ. ಬರಿಯ ಕಂಟೈನರಿನಲ್ಲಿ ಲೊಕೇಲೇ ಇರುವುದಿಲ್ಲ. ಹಾಗಾಗಿ ಹಳೆಯ ಪೈಥಾನ್ 3, ಹೊರಗಿನ ಜಗತ್ತಿಗೆ ಇಂಗ್ಲಿಷ್ ಅಕ್ಷರ ಮಾತ್ರ ಗೊತ್ತು ಎಂದುಕೊಂಡು, ಒಂದು ಕನ್ನಡ ಹೆಸರನ್ನು ಪ್ರಿಂಟ್ ಮಾಡಹೊರಟರೆ ಅಲ್ಲೇ ನಿಂತುಬಿಡುತ್ತಿತ್ತು. 2018ರಲ್ಲಿ ಬಂದ ಪೈಥಾನ್ 3.7 ಇದನ್ನು ಸರಿಪಡಿಸಿತು. ಅಕ್ಷರರೂಪದ ಕಥೆ ಬೇರೆ. ರಸೀದಿಯನ್ನೋ ಪ್ರಮಾಣಪತ್ರವನ್ನೋ ಪಿಡಿಎಫ್ ಮಾಡುವ ಪ್ರೋಗ್ರಾಂ ಸರ್ವರಿಗೆ ಹೋದರೆ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಬರುತ್ತವೆ, ಏಕೆಂದರೆ ಅಲ್ಲಿ ಕನ್ನಡ ಫಾಂಟೇ ಇಲ್ಲ. ಡೆಬಿಯನ್ ಲಿನಕ್ಸಿನಲ್ಲಿ ಕನ್ನಡಕ್ಕೆಂದೇ ‘ಗುಬ್ಬಿ’, ‘ನವಿಲು’ ಎಂಬ ಎರಡು ಫಾಂಟುಗಳಿವೆ. ಡಾಕರ್‌ಫೈಲಿನಲ್ಲಿ ಅವನ್ನು ಸೇರಿಸುವ ಒಂದು ಸಾಲು ಬರೆದು, ಎಲ್ಲೋ ಮುಂಬೈಯ ಡೇಟಾಸೆಂಟರಿನಲ್ಲಿ ಗುಬ್ಬಿ ನವಿಲುಗಳು ಇಳಿದು ಕೂತವು ಎಂದು ತಿಳಿದಾಗ ಆಗುವ ಖುಷಿಯನ್ನು ನಾನು ಯಾರ ಜೊತೆಗಾದರೂ ಹಂಚಿಕೊಳ್ಳಲೇಬೇಕು.

ಸಮಯವೂ ಹೀಗೆಯೇ ಹೆಸರು ಹಿಡಿದು ಹೇಳಬೇಕಾದದ್ದು. ಸರ್ವರಿನ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ಗೆ ನಮ್ಮ ಬೆಳಗ್ಗೆ 6ರ ಕೆಲಸ ಒಪ್ಪಿಸಬೇಕಾದರೆ 00:30 ಎಂದು ಬರೆಯಬೇಕು. ನಮಗೆ ಸೋಮವಾರ ನಸುಕಿನ 5 ಗಂಟೆಯಾದಾಗ ಅಲ್ಲಿನ್ನೂ ಭಾನುವಾರ ರಾತ್ರಿ. ವಾರದ ವರದಿಯಲ್ಲಿ ಒಂದು ದಿನ ಹೆಚ್ಚುಕಡಿಮೆಯಾಗಿದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಈ ಐದೂವರೆ ಗಂಟೆಯನ್ನು.

ಲೈಬ್ರರಿಗಳ ಆವೃತ್ತಿಯನ್ನು ಲಾಕ್ ಮಾಡುವ ಶಿಸ್ತನ್ನು ಜಗತ್ತು ಕಷ್ಟಪಟ್ಟು ಕಲಿಯಿತು. 2016ರ ಮಾರ್ಚಿನಲ್ಲಿ ಎನ್‌ಪಿಎಮ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಗಳ ಭಂಡಾರದಿಂದ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ತುಣುಕೊಂದನ್ನು ಅದರ ಕರ್ತೃ ಹಿಂತೆಗೆದುಕೊಂಡರು. ಅದರ ಕೆಲಸ ಪದದ ಎಡಕ್ಕೆ ಖಾಲಿ ಜಾಗ ತುಂಬುವುದು, ಅಷ್ಟೇ. ಆದರೆ ಅದನ್ನು ನೆಚ್ಚಿದ ಲೈಬ್ರರಿಗಳನ್ನು ನೆಚ್ಚಿದ ಲೈಬ್ರರಿಗಳು ಸಾವಿರಾರು. ದೇಶದೇಶಗಳಲ್ಲಿ ಬಿಲ್ಡ್‌ಗಳು ಒಡೆದವು. ಯಾವ ಲೈಬ್ರರಿ, ಯಾವ ಆವೃತ್ತಿ ಎಂದು ಕೊನೆಯ ಎಳೆಯವರೆಗೆ ಬರೆದಿಡುವ ಲಾಕ್ ಫೈಲನ್ನೂ, ಒಮ್ಮೆ ತಂದದ್ದನ್ನು ನಮ್ಮಲ್ಲೇ ಒಂದು ಪ್ರತಿ ಇಟ್ಟುಕೊಳ್ಳುವ ರೂಢಿಯನ್ನೂ ನಾನು ಗೌರವಿಸುವುದು ಇದಕ್ಕಾಗಿ.

ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಘಳಿಗೆ, ಹಳೆಯ ಆವೃತ್ತಿ ಇಳಿದು ಹೊಸದು ಏರುವ ಹೊತ್ತು. ಜನ ಬಳಸುತ್ತಲೇ ಇರುತ್ತಾರೆ. ಯಾರೋ ಅರ್ಜಿ ತುಂಬುತ್ತಿದ್ದಾರೆ, ಯಾರೋ ಹಣ ಕಟ್ಟುತ್ತಿದ್ದಾರೆ. ಅವರಿಗೆ ಗೊತ್ತೇ ಆಗದಂತೆ ಕೆಳಗಿನದೆಲ್ಲ ಬದಲಾಗಬೇಕು. ಕಂಟೈನರುಗಳ ಮೇಲ್ವಿಚಾರಣೆ ಮಾಡುವ ಕುಬರ್ನೆಟಿಸ್ ಮೊದಲು ಹೊಸ ಕಂಟೈನರನ್ನು ಎಬ್ಬಿಸಿ, ‘ಸಿದ್ಧವೇ?’ ಎಂದು ಕೇಳುತ್ತಲೇ ಇರುತ್ತದೆ. ಅದು 200 ಎಂದು ಉತ್ತರ ಕೊಟ್ಟ ಮೇಲೆಯೇ ಜನರನ್ನು ಅತ್ತ ಕಳಿಸುತ್ತದೆ. ಹಳೆಯದಕ್ಕೆ ಸಿಗ್‌ಟರ್ಮ್ ಎಂಬ ಸೂಚನೆ ಹೋಗುತ್ತದೆ: ಹೊಸ ಕೆಲಸ ಹಿಡಿಯಬೇಡ, ಕೈಲಿರುವುದನ್ನು ಮುಗಿಸು. ಒಳಗಿರುವ ಪೈಥಾನ್ ಸರ್ವರ್ ಗುನಿಕಾರ್ನ್ ಆ ಮಾತು ಕೇಳಿ ತನ್ನ ವರ್ಕರುಗಳಿಗೆ ದಾಟಿಸುತ್ತದೆ. ಅವು ಬಾಕಿ ಉತ್ತರಗಳನ್ನು ಕೊಟ್ಟು ಒಂದೊಂದಾಗಿ ಎದ್ದು ಹೋಗುತ್ತವೆ. ಬೇರೆ ಹೇಳದಿದ್ದರೆ ಇದಕ್ಕೆ ಇರುವ ಗಡುವು 30 ಸೆಕೆಂಡು; ಮೀರಿದರೆ ಮುಲಾಜಿಲ್ಲದೆ ಕೊಲ್ಲುವ ಸಿಗ್‌ಕಿಲ್. ಎಡಗಡೆ ಲಾಗ್, ಬಲಗಡೆ ಗ್ರಾಫ್ ತೆರೆದಿಟ್ಟು, ಒಂದೂ 502 ದೋಷ ಬಾರದೆ ಎಲ್ಲ ಬದಲಾದದ್ದನ್ನು ನೋಡಿದರೆ ಸಂಗೀತ ಕಛೇರಿ ಕೇಳಿ ಬಂದಷ್ಟು ತೃಪ್ತಿ.

ನಾವು ಓದುವ ಕನ್ನಡ ವಿಕಿಪೀಡಿಯದ ಹಿಂದೆಯೂ ಇಂಥದ್ದೇ ಶಿಸ್ತಿದೆ. 2003ರಲ್ಲಿ ಶುರುವಾದ ಅದು ಓಡುವುದು ಮೀಡಿಯಾವಿಕಿಯ ಮೇಲೆ. ಮೀಡಿಯಾವಿಕಿ ಪಿಎಚ್‌ಪಿಯಲ್ಲಿ ಬರೆದದ್ದು. ವಿಕಿಮೀಡಿಯ ಫೌಂಡೇಶನ್‌ನವರು ಬಾಡಿಗೆ ಕ್ಲೌಡ್ ನೆಚ್ಚದೆ ತಮ್ಮದೇ ಸರ್ವರುಗಳಲ್ಲಿ ಅದನ್ನು ನಡೆಸುತ್ತಾರೆ. ವಾರದ ಹೊಸ ಆವೃತ್ತಿಯನ್ನು ಅವರು ‘ಟ್ರೇನ್’ ಎನ್ನುತ್ತಾರೆ. ಮಂಗಳವಾರ ಪರೀಕ್ಷೆಯ ತಾಣಗಳಿಗೆ, ಬುಧವಾರ ವಿಕ್ಷನರಿ, ವಿಕಿಸೋರ್ಸ್‌ನಂಥ ಯೋಜನೆಗಳಿಗೆ, ಗುರುವಾರ ಉಳಿದ ವಿಕಿಪೀಡಿಯಗಳಿಗೆ. ನಡುವೆ ದೋಷ ಕಂಡರೆ ಟ್ರೇನ್ ನಿಲ್ಲುತ್ತದೆ, ಹಳೆಯ ಆವೃತ್ತಿ ಮರಳುತ್ತದೆ. ಶುಕ್ರವಾರ ಸುಮ್ಮನಿರುತ್ತಾರೆ. ಶುಕ್ರವಾರ ಸಂಜೆ ಡಿಪ್ಲಾಯ್ ಬೇಡ ಎಂಬುದು ಬೆಂಗಳೂರಿನ ಆಫೀಸುಗಳಲ್ಲೂ ಹಲವರು ಪಾಲಿಸುವ ನೇಮ. ಕೆಟ್ಟರೆ ಸರಿಪಡಿಸುವವರು ಶನಿವಾರ ಮನೆಮಂದಿಯ ಜೊತೆ ಇರಬೇಕಾದವರು ಎಂಬ ಕಾಳಜಿ ಆ ನೇಮದೊಳಗಿದೆ.

ಏರಿಸಿದ ಮೇಲಿನ ಸಪೋರ್ಟಿನಲ್ಲಿ ಸ್ಕ್ರಿಪ್ಟಿಂಗ್ ಭಾಷೆಗಳು ತೋರುವ ಸೌಜನ್ಯ ದೊಡ್ಡದು. ಪೈಥಾನ್ ಬಿದ್ದರೆ ಸುಮ್ಮನೆ ಬೀಳುವುದಿಲ್ಲ. ಯಾವ ಫೈಲು, ಎಷ್ಟನೆಯ ಸಾಲು, ಯಾವ ಫಂಕ್ಷನ್ನಿನಿಂದ ಯಾವುದಕ್ಕೆ ಹೋದಾಗ ಎಡವಿದೆ ಎಂದು ಟ್ರೇಸ್‌ಬ್ಯಾಕ್‌ನಲ್ಲಿ ಪೂರ್ತಿ ವರದಿ ಕೊಡುತ್ತದೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೊನೆಯ ಸಾಲಿನಲ್ಲಿ ಏನಾಯಿತು ಎಂಬುದು, ಅದರ ಮೇಲೆ ಎಲ್ಲಿ ಎಂಬುದು. ಆ ಸಾಲಿನ ಮೂಲ ಕೋಡು ಅದೇ ಸರ್ವರಿನಲ್ಲಿ, ತೆರೆದು ಓದುವ ಹಾಗೆ ಇರುತ್ತದೆ. ಏನನ್ನೂ ಮುಚ್ಚಿಡದ ಈ ಸ್ವಭಾವಕ್ಕೆ ನಾನು ಮನಸೋತಿದ್ದೇನೆ. ಜೊತೆಯ ಕಿರಿಯರು ‘ಅಣ್ಣಾ, ಸೈಟು ಬಿದ್ದೋಯ್ತು’ ಎಂದು ಓಡಿಬಂದರೆ ನಾನು ಹೇಳುವುದು ಒಂದೇ ಮಾತು: ‘ಗಾಬರಿ ಬೇಡ, ಲಾಗ್ ಓದು, ಪೂರ್ತಿ ಓದು.’ ಮುಕ್ಕಾಲು ಪಾಲು ಉತ್ತರ ಅಲ್ಲೇ ಬರೆದಿರುತ್ತದೆ.

ಕೊನೆಗೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಮಕ್ಕಳು ಪೈಥಾನ್ ಚೆನ್ನಾಗಿ ಬರೆಯುತ್ತಾರೆ. ಆದರೆ ಲ್ಯಾಬಿನ ಕಂಪ್ಯೂಟರಿನಲ್ಲಿ ಓಡಿಸಿ ತೋರಿಸಿದರೆ ಪ್ರಾಜೆಕ್ಟ್ ಅಲ್ಲಿಗೇ ಮುಗಿಯುತ್ತದೆ. ದೇಶದ ಮೊದಲ ಪೈಕಾನ್ 2009ರಲ್ಲಿ ನಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ; ಈ ವಿದ್ಯೆ ಬಲ್ಲವರಿಗೂ ಹೇಳಿಕೊಡುವವರಿಗೂ ಇಲ್ಲಿ ಬರವಿಲ್ಲ. ಪುಟ್ಟ ಪ್ರಾಜೆಕ್ಟೇ ಸಾಕು, ತಾಲ್ಲೂಕಿನ ಬಸ್ಸುಗಳ ವೇಳಾಪಟ್ಟಿಯಾದರೂ ಸರಿ. ಅದನ್ನು ಮಕ್ಕಳ ಕೈಯಿಂದಲೇ ಕ್ಲೌಡಿಗೆ ಏರಿಸಿ, ಒಂದು ಸೆಮಿಸ್ಟರ್ ಅವರಿಂದಲೇ ನಡೆಸಿ. ಊರಿನಲ್ಲಿರುವ ಅವರ ಅಮ್ಮನ ಮೊಬೈಲಿನಲ್ಲಿ ಅದು ತೆರೆದುಕೊಂಡ ಮೇಲೆ ಮಾರ್ಕ್ಸ್ ಕೊಡಿ.