ಯಾವುದರ ಶೇಕಡಾ?

ನಮ್ಮ ಭದ್ರಾವತಿಯಲ್ಲಿ 'ಕ್ಲಬ್ಬು' ಎಂದರೆ ಜನರಿಗೆ ಮೊದಲು ನೆನಪಾಗುವುದು ಇಸ್ಪೀಟು. ಹಾಗಾಗಿ "ಶನಿವಾರ ಜರ್ನಲ್ ಕ್ಲಬ್ ಇದೆ, ಬರುವುದು ತಡವಾಗುತ್ತದೆ" ಎಂದು ನಾವು ಹೇಳಿದಾಗ ಮನೆಯವರು ಒಂದು ಗಳಿಗೆ ನಮ್ಮ ಮುಖವನ್ನೇ ನೋಡಿದರು. ಹೆಣ್ಣುಮಕ್ಕಳು ಕ್ಲಬ್ಬಿಗೆ ಹೋಗುವುದೆಂದರೇನು ಎಂದು ಶಿವಮೊಗ್ಗದ ಗೆಳತಿಯ ಅಜ್ಜಿಯಂತೂ ಎರಡು ದಿನ ಮಾತು ಬಿಟ್ಟಿದ್ದರಂತೆ. ಅಲ್ಲಿ ನಡೆಯುವುದಿಷ್ಟೇ: ವಾರಕ್ಕೊಬ್ಬರು ಯಾವುದಾದರೂ ವಿಜ್ಞಾನ ಪತ್ರಿಕೆಯ ಒಂದು ಸಂಶೋಧನಾ ಪ್ರಬಂಧವನ್ನು ಓದಿಕೊಂಡು ಬರಬೇಕು, ಎಲ್ಲರ ಮುಂದೆ ವಿವರಿಸಬೇಕು, ಉಳಿದವರು ಅದನ್ನು ಜಾಲಾಡಬೇಕು. ಗೆಲ್ಲುವವರಿಲ್ಲ. ಸೋಲುವವರು ಮಾತ್ರ ವಾರವಾರವೂ ಇರುತ್ತಾರೆ.

ಇದು ಹೊಸ ಪದ್ಧತಿಯೇನಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಲಂಡನ್ನಿನ ಸಂತ ಬಾರ್ಥಲೋಮಿಯೋ ಆಸ್ಪತ್ರೆಯ ಹತ್ತಿರ, ಬೇಕರಿಯೊಂದರ ಮೇಲಿನ ಸಣ್ಣ ಕೋಣೆಯಲ್ಲಿ ವಿದ್ಯಾರ್ಥಿಗಳು ಕೂಡಿ ಪತ್ರಿಕೆ ಓದುತ್ತಿದ್ದರೆಂದು ಜೇಮ್ಸ್ ಪ್ಯಾಜೆಟ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. 1875ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಆಸ್ಲರ್ ಇದಕ್ಕೊಂದು ಕ್ರಮ ಕೊಟ್ಟರು. ದುಬಾರಿ ಪತ್ರಿಕೆಗಳನ್ನು ಒಬ್ಬೊಬ್ಬರೇ ಕೊಳ್ಳಲಾಗದೆ ಹಂಚಿಕೊಂಡು ಓದುವುದೂ ಅವರ ಒಂದು ಉದ್ದೇಶವಾಗಿತ್ತು. ಆ ಕಷ್ಟ ನಮಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ನಾವು ಐದು ಜನ. ಇಬ್ಬರು ಶಿವಮೊಗ್ಗದವರು, ಇಬ್ಬರು ಭದ್ರಾವತಿಯವರು, ಒಬ್ಬಳು ತೀರ್ಥಹಳ್ಳಿ ಕಡೆಯ ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದವಳು. 2013ರಲ್ಲಿ ಶಂಕರಘಟ್ಟದ ಜ್ಞಾನಸಹ್ಯಾದ್ರಿಯಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆವು. ಪದವಿಯವರೆಗೆ ನಾವು ಓದಿದ್ದು ಪಠ್ಯಪುಸ್ತಕ. ಅದರಲ್ಲಿ ಬರೆದದ್ದನ್ನು ನಂಬಬೇಕು, ಪರೀಕ್ಷೆಯಲ್ಲಿ ಹಾಗೆಯೇ ಒಪ್ಪಿಸಬೇಕು. ಅಚ್ಚಾದ ಮಾತನ್ನು ಪ್ರಶ್ನಿಸಬಹುದು ಎನ್ನುವುದೇ ನಮಗೆ ಹೊಸದು. ಇಂಗ್ಲಿಷಿನ ಹೆದರಿಕೆ ಬೇರೆ. ಮೊದಮೊದಲು ನಾವು ಮಾಡುತ್ತಿದ್ದುದನ್ನು ಮುಚ್ಚಿಡುವುದೇಕೆ? ಸಾರಾಂಶವನ್ನು ಬಾಯಿಪಾಠ ಮಾಡುವುದು, ಎರಡು ಚಿತ್ರಗಳನ್ನು ಪವರ್‌ಪಾಯಿಂಟಿಗೆ ಅಂಟಿಸುವುದು, 'ಥ್ಯಾಂಕ್ ಯೂ' ಎಂಬ ಹಾಳೆಗೆ ಒಂದು ಗುಲಾಬಿ ಹೂ ಹಾಕುವುದು.

ಹಿಂದಿನ ಭಾನುವಾರ ಭದ್ರಾವತಿಯ ಪೇಪರ್ ಟೌನಿನಲ್ಲಿ, ನಮ್ಮಲ್ಲೊಬ್ಬನ ಮನೆಯಲ್ಲಿ ತಾಲೀಮು ನಡೆಯುತ್ತಿತ್ತು. ಅವನ ಅಬ್ಬಾ, ನಮಗೆಲ್ಲ ಚಾಚಾ, ಮೈಸೂರು ಪೇಪರ್ ಮಿಲ್ಸಿನ ಕಾರ್ಮಿಕರು. ಮಿಲ್ಲು ಆಗಿನ್ನೂ ನಡೆಯುತ್ತಿತ್ತು. ನಾವು ಪ್ರಿಂಟ್ ತೆಗೆದು ತಂದ ಪ್ರಬಂಧದ ಹಾಳೆಯನ್ನು ಚಾಚಾ ಮೊದಲು ಬೆಳಕಿಗೆ ಹಿಡಿದು ನೋಡುತ್ತಿದ್ದರು. "ಇದು ನಮ್ಮ ಮಿಲ್ಲಿಂದಲ್ಲ" ಎಂದು ತೀರ್ಪು ಕೊಟ್ಟು ಮೂಲೆಯಲ್ಲಿ ಕೂತು ಕೇಳುತ್ತಿದ್ದರು. ಆ ಮಿಲ್ಲು 2015ರಲ್ಲಿ ಉತ್ಪಾದನೆ ನಿಲ್ಲಿಸಿದಾಗ ನಮಗೆ ಮೊದಲು ಕಣ್ಣಿಗೆ ಕಟ್ಟಿದ್ದು ಬೆಳಕಿಗೆ ಹಿಡಿದ ಆ ಹಾಳೆಯೇ.

ಆ ವರ್ಷದ ಮಾರ್ಚಿನಲ್ಲಿ ನಮ್ಮ ಪಾಳಿಗೆ ಬಂದ ಪ್ರಬಂಧ ನಮ್ಮ ಜಿಲ್ಲೆಯದ್ದೇ ಆಗಿತ್ತು. ಕ್ಯಾಸನೂರು ಕಾಡಿನ ಕಾಯಿಲೆ, ನಮ್ಮ ಜನ ಹೇಳುವ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಹಬ್ಬಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರು ಬಂದರು. ಹಳದಿ ಜ್ವರವೇ ಏಷ್ಯಾಕ್ಕೆ ಕಾಲಿಟ್ಟಿತೇ ಎಂಬ ಭಯ ಆಗ ಇತ್ತು. ಸಿಕ್ಕಿದ್ದು ಅದುವರೆಗೆ ಯಾರೂ ಕಾಣದ ವೈರಸ್; ಹರಡುವುದು ಕಾಡಿನ ಉಣುಗುಗಳಿಂದ. ಚಳಿಗಾಲದಿಂದ ಬೇಸಿಗೆಯವರೆಗೆ, ದರಗು ಗುಡಿಸಲು, ಸೌದೆ ತರಲು, ದನ ಮೇಯಿಸಲು ಕಾಡಿಗೆ ಹೋದವರ ಮೈಗೆ ಅವು ಹತ್ತುತ್ತವೆ. ಕಾಯಿಲೆ ಹಿಡಿದ ನೂರು ಜನರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ.

ಇದಕ್ಕೆ ನಮ್ಮ ರಾಜ್ಯದಲ್ಲಿ ಒಂದು ಲಸಿಕೆ ಕೊಡುತ್ತಿದ್ದರು. ತಿಂಗಳ ಅಂತರದಲ್ಲಿ ಎರಡು ಸೂಜಿ, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದರಂತೆ. 2005ರಿಂದ 2010ರವರೆಗೆ ಅದು ಎಷ್ಟು ಕೆಲಸ ಮಾಡಿತು ಎಂದು ಶಿವಮೊಗ್ಗದ ಡಾ. ಕಾಸಬಿ ಮತ್ತು ಸಹೋದ್ಯೋಗಿಗಳು ಲೆಕ್ಕ ಹಾಕಿದ್ದ ಪ್ರಬಂಧ 2013ರ ಜನವರಿಯಲ್ಲಷ್ಟೇ ಪ್ರಕಟವಾಗಿತ್ತು. ಎರಡು ಸೂಜಿ ಪಡೆದವರಲ್ಲಿ ಲಸಿಕೆಯ ಪರಿಣಾಮ ಶೇ. 62.4, ಬೂಸ್ಟರನ್ನೂ ಪಡೆದವರಲ್ಲಿ ಶೇ. 82.9. ಲಸಿಕೆ ಪಡೆದವರ ಪ್ರಮಾಣವೇ ಕಡಿಮೆ ಎಂದೂ ಅದರಲ್ಲಿತ್ತು.

ಭಾನುವಾರದ ತಾಲೀಮಿನಲ್ಲಿ ನಾವು ಘನವಾಗಿ ವಿವರಿಸಿದೆವು: "ಎರಡು ಸೂಜಿ ಹಾಕಿಸಿಕೊಂಡ ನೂರು ಜನರಲ್ಲಿ 62 ಜನ ಪಾರು, ಉಳಿದ 38 ಜನರಿಗೆ ಕಾಯಿಲೆ ಬರುತ್ತದೆ." ಚಾಚಾ ಮೂಲೆಯಿಂದ ಕೇಳಿದರು: "ಸೂಜಿ ಹಾಕಿಸಿಕೊಂಡ್ರೂ ಮೂವತ್ತೆಂಟು ಜನಕ್ಕೆ ಬರುತ್ತಾ? ಹಂಗಾದ್ರೆ ಊರಿಗೆ ಊರೇ ಮಲಗಬೇಕಿತ್ತಲ್ಲಪ್ಪ." ನಾವು ನಕ್ಕೆವು. ಚಾಚಾ ಓದಿದ್ದು ಏಳನೇ ಕ್ಲಾಸು.

ತೀರ್ಥಹಳ್ಳಿಯ ಗೆಳತಿ ಮಾತ್ರ ನಗಲಿಲ್ಲ. ಅವಳ ಅಮ್ಮ ಹಿಂದಿನ ವರ್ಷ ಎರಡು ಸೂಜಿ ಹಾಕಿಸಿಕೊಂಡಿದ್ದರು. ಆ ಸೂಜಿ ಬಲು ನೋವಿನದು. ಅವರ ತೋಳು ಊದಿಕೊಂಡು ಎರಡು ದಿನ ತೋಟದ ಕೆಲಸಕ್ಕೆ ಹೋಗಲಾಗಿರಲಿಲ್ಲ. ಬೂಸ್ಟರಿನ ಸಮಯ ಹತ್ತಿರ ಬಂದಿತ್ತು. ಅವಳು ಅಂದು ರಾತ್ರಿಯೇ ಫೋನ್ ಮಾಡಿ ನಮ್ಮ ಲೆಕ್ಕವನ್ನು ಅಮ್ಮನಿಗೆ ಹೇಳಿದಳು. "ಅಷ್ಟು ಜನಕ್ಕೆ ಹೇಗೂ ಬರುತ್ತೆ ಅಂದ್ಮೇಲೆ ಮತ್ತೆ ಎಂತಕ್ಕೆ ಚುಚ್ಚಿಸ್ಕೋದು ಮಾರಾಯ್ತಿ" ಎಂದರಂತೆ ಅಮ್ಮ. ಅಕ್ಕಪಕ್ಕದ ಮನೆಗೂ ಮಾತು ಹೋಯಿತು. ಎಂ.ಎಸ್ಸಿ. ಓದುವ ಹುಡುಗಿ ಹೇಳಿದ ಮೇಲೆ ಕೇಳಬೇಕೇ!

ಶನಿವಾರ ಕ್ಲಬ್ಬಿನಲ್ಲಿ ಅದೇ ವಾಕ್ಯವನ್ನು ಹೇಳಿದಾಗ ಮೇಡಂ ಕೈಯೆತ್ತಿ ನಿಲ್ಲಿಸಿದರು. "ಶೇಕಡಾ ಅಂದ್ರಲ್ಲ, ಯಾವುದರ ಶೇಕಡಾ?" ನಾವು ಮತ್ತೆ ಅದನ್ನೇ ಹೇಳಿದೆವು. ಅವರು ಮತ್ತೆ ಅದನ್ನೇ ಕೇಳಿದರು. ಮೂರನೆಯ ಬಾರಿಗೆ ನಮ್ಮ ಬಾಯಿ ಒಣಗಿತು. ಆಗ ಅವರು ಇಂಗ್ಲಿಷನ್ನು ಬದಿಗಿಟ್ಟು, ಬೋರ್ಡಿನ ಮೇಲೆ ಎರಡು ಊರು ಬರೆದರು. ಎರಡರಲ್ಲೂ ಅಷ್ಟೇ ಜನ. ಒಂದರಲ್ಲಿ ಯಾರಿಗೂ ಲಸಿಕೆಯಿಲ್ಲ, ಇನ್ನೊಂದರಲ್ಲಿ ಎಲ್ಲರಿಗೂ ಎರಡು ಸೂಜಿ. ಮೊದಲ ಊರಿನಲ್ಲಿ ನೂರು ಜನ ಮಲಗಿದರೆ ಎರಡನೆಯದರಲ್ಲಿ ಸುಮಾರು 38 ಜನ ಮಲಗುತ್ತಾರೆ. ಬೂಸ್ಟರೂ ಆಗಿದ್ದರೆ ಸುಮಾರು 17. "ನೂರು ಅನ್ನೋದು ಸೂಜಿ ಹಾಕಿಸಿಕೊಂಡವರ ಲೆಕ್ಕ ಅಲ್ಲ, ಸೂಜಿ ಇಲ್ಲದೆ ಕಾಯಿಲೆ ಬಿದ್ದವರ ಲೆಕ್ಕ. ಸೂಜಿ ತಗೊಂಡವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಬರೋದೇ ಇಲ್ಲ."

ಅಂದರೆ ಚಾಚಾನ ಪ್ರಶ್ನೆಯಲ್ಲಿ ಉತ್ತರ ಅರ್ಧ ಇತ್ತು. ನಾವು ನಕ್ಕಿದ್ದೆವು.

ಅಂದಿನ ಕ್ಲಬ್ಬು ಸಂಜೆ ಬಸ್ಸಿನ ಹೊತ್ತಿನವರೆಗೂ ನಡೆಯಿತು. ಸೀನಿಯರ್ ಒಬ್ಬರು 1994ರ ಇನ್ನೊಂದು ಪ್ರಬಂಧ ತೆಗೆದರು. ಮೂರು ಜಿಲ್ಲೆಗಳಲ್ಲಿ ಇದೇ ಲಸಿಕೆಯನ್ನು ಪರೀಕ್ಷಿಸಿದ ಅದರಲ್ಲಿ ಎರಡು ಸೂಜಿಗೆ ಶೇ. 93.5 ಎಂದಿತ್ತು. ಹಾಗಾದರೆ 62.4ಕ್ಕೆ ಇಳಿದದ್ದೇಕೆ? ಲಸಿಕೆಯ ಬಲ ಕುಗ್ಗಿತೇ, ವೈರಸ್ ಬದಲಾಯಿತೇ, ಹಳ್ಳಿಗೆ ತಲುಪುವಷ್ಟರಲ್ಲಿ ತಂಪು ತಪ್ಪಿತೇ? ಲಸಿಕೆ ಹಾಕಿಸಿಕೊಳ್ಳುವವರು ಡಿ.ಎಂ.ಪಿ. ಎಣ್ಣೆಯನ್ನೂ ತಪ್ಪದೆ ಹಚ್ಚಿಕೊಳ್ಳುವ ಜಾಗ್ರತೆಯವರಾಗಿದ್ದರೆ, ಯಾವುದು ಸೂಜಿಯ ಪುಣ್ಯ, ಯಾವುದು ಎಣ್ಣೆಯದು? ಒಂದಕ್ಕೂ ಅಂದು ಪೂರ್ತಿ ಉತ್ತರ ಸಿಗಲಿಲ್ಲ. 62.4ರ ಪಕ್ಕದಲ್ಲಿ ಆವರಣದೊಳಗೆ ಇನ್ನೆರಡು ಸಂಖ್ಯೆಗಳಿದ್ದವು: 26.1ರಿಂದ 80.8. ಕಾನ್ಫಿಡೆನ್ಸ್ ಇಂಟರ್ವಲ್. ನಾವು ಅದನ್ನು ಅಲಂಕಾರವೆಂದು ತಿಳಿದು ಸ್ಲೈಡಿನಿಂದ ಅಳಿಸಿದ್ದೆವು. ಬೂಸ್ಟರಿನದು 71.3ರಿಂದ 89.8, ಅಂದರೆ ಎಷ್ಟೋ ಬಿಗಿಯಾದ ಅಂದಾಜು.

ಮರುದಿನ ಭಾನುವಾರ ತಾಲೀಮಿರಲಿಲ್ಲ. ಐವರೂ ತೀರ್ಥಹಳ್ಳಿ ಬಸ್ಸು ಹತ್ತಿದೆವು. ಫೋನಿನಲ್ಲಿ ಹೇಳಿದ ತಪ್ಪನ್ನು ಫೋನಿನಲ್ಲೇ ತಿದ್ದಬಹುದಿತ್ತು, ಗೆಳತಿ ಒಪ್ಪಲಿಲ್ಲ. ಅವಳ ಅಮ್ಮ "ಎಂತಕ್ಕೆ ಇಷ್ಟು ದೂರ ಬಂದ್ರಿ ಮಕ್ಳೇ" ಎನ್ನುತ್ತ ಬೆಲ್ಲದ ಕಾಫಿ ಕೊಟ್ಟರು. ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆಯಲ್ಲೇ ಎರಡು ಊರು ಮಾಡಿ ತೋರಿಸಿದೆವು. ಒಂದು ಗುಂಪಿನಲ್ಲಿ ನೂರು, ಇನ್ನೊಂದರಲ್ಲಿ ಮೂವತ್ತೆಂಟು, ಮತ್ತೊಂದರಲ್ಲಿ ಹದಿನೇಳು. ಅವರು ಮೂರನ್ನೂ ನೋಡಿದರು. 26ರಿಂದ 80ರ ಮಾತು ಬಂದಾಗ ನಕ್ಕುಬಿಟ್ಟರು: "ಚೇಣಿಯೋನು ತೋಟ ನೋಡಿ ಇಪ್ಪತ್ತಾರು ಕ್ವಿಂಟಾಲಿಂದ ಎಂಬತ್ತು ಕ್ವಿಂಟಾಲ್ ಆಗಬಹುದು ಅಂದ್ರೆ ನಾವು ಅವನಿಗೆ ತೋಟ ಕೊಡ್ತೀವಾ? ಎರಡನೇದು ಸರಿ ಇದೆ. ಎಪ್ಪತ್ತೊಂದರಿಂದ ಎಂಬತ್ತೊಂಬತ್ತು. ಅದಕ್ಕೆ ಕೊಡಬಹುದು."

ಪಕ್ಕದ ಮನೆಯ ಅಜ್ಜಿಯೂ ಬಂದು ಕೂತಿದ್ದರು. 2006ರಲ್ಲಿ ಅವರಿಗೆ ಕಾಯಿಲೆ ಬಂದಿತ್ತು. ಆ ಪ್ರಬಂಧ ಲೆಕ್ಕಕ್ಕೆ ಹಿಡಿದ ವರ್ಷಗಳಲ್ಲಿ ಅದೂ ಒಂದು ಎಂದು ಗೆಳತಿ ವಿವರಿಸಿದಾಗ ಅವರು ಹಾಳೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. "ಅವತ್ತು ರಕ್ತ ತಗೊಂಡು ಶಿವಮೊಗ್ಗಕ್ಕೆ ಕಳಿಸ್ತೀವಿ ಅಂದಿದ್ರು. ಇಷ್ಟು ದೂರ ಹೋಯ್ತಾ ಅದು!" ಕೋಷ್ಟಕದಲ್ಲಿ ತಾವು ಎಲ್ಲಿದ್ದೇವೆ ಎಂದು ಕೇಳಿದರು. ಲಸಿಕೆ ಪಡೆಯದೆ ಕಾಯಿಲೆ ಬಿದ್ದವರ ಅಂಕಿಯ ಮೇಲೆ ನಾವು ಬೆರಳಿಟ್ಟೆವು. ಅವರು ಅಲ್ಲಿಯೇ ಸ್ವಲ್ಪ ಹೊತ್ತು ನೋಡುತ್ತಿದ್ದರು.

ಗೆಳತಿಯ ಅಮ್ಮ ಆ ವರ್ಷ ಬೂಸ್ಟರ್ ಹಾಕಿಸಿಕೊಂಡರು. ಮತ್ತೆ ತೋಳು ಊದಿಕೊಂಡಿತಂತೆ, ನಮ್ಮೈವರಿಗೂ ಚೆನ್ನಾಗಿ ಬೈದರಂತೆ.

ಆ ಲಸಿಕೆ 2022ರಲ್ಲಿ ನಿಂತುಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊಸದೊಂದರ ಕೆಲಸ ಕೈಗೊಂಡಿದೆ ಎಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಆ ಅಮ್ಮ ಮಗಳಿಗೆ ಫೋನ್ ಮಾಡಿದ್ದರು. ನಾವೀಗ ಐದು ಊರುಗಳಲ್ಲಿದ್ದೇವೆ. ಒಬ್ಬರು ಆಸ್ಪತ್ರೆಯ ಲ್ಯಾಬಿನಲ್ಲಿ, ಇಬ್ಬರು ಕಾಲೇಜಿನಲ್ಲಿ, ಇಬ್ಬರು ಬೇರೆಯೇ ಉದ್ಯೋಗದಲ್ಲಿ. ಅಮ್ಮ ಹೇಳಿದ ಮಾತನ್ನು ಗೆಳತಿ ನಮಗೆಲ್ಲ ಹೇಳಿದಳು: "ಅದರ ಲೆಕ್ಕ ಬಂದಾಗ ಓದಿ ಹೇಳು. ಎಷ್ಟರಿಂದ ಎಷ್ಟು ಅಂತಾನೂ ನೋಡು. ಈ ಸಲ ಪೂರ್ತಿ ಓದಿ ಆಮೇಲೆ ಫೋನ್ ಮಾಡು."